ಸೂರಿಗೆ ಮುಟ್ಟಿದ ಬಾಗಿಲು

ನಮ್ಮೂರಲ್ಲಿ ಯಾವ ಬಾಗಿಲಲ್ಲೂ ಯಾರೂ ತಲೆ ತಗ್ಗಿಸಿ ಒಳಗೆ ಬರಬಾರದು. ಮನೆಯಿರಲಿ, ಗುಡಿಯಿರಲಿ, ಹಿಟ್ಟಿನ ಗಿರಣಿಯಿರಲಿ, ಊರಿಗೆಲ್ಲ ಎತ್ತರದ ಮನುಷ್ಯ ಯಾರೋ ಅವರು ನೆಟ್ಟಗೆ ನಡೆದು ಬರುವಷ್ಟು ಬಾಗಿಲು ಎತ್ತರ ಇರಲೇಬೇಕು. ಅವರು ಆ ಮನೆಗೆ ಜನ್ಮದಲ್ಲಿ ಒಮ್ಮೆಯೂ ಕಾಲಿಡದಿದ್ದರೂ ಸರಿ. ನನಗಿಂತ ಮೊದಲು ಒಬ್ಬ ಪೈಲ್ವಾನನ ಅಳತೆ ನಡೆಯುತ್ತಿತ್ತಂತೆ. ಅವನು ಸತ್ತು ಎಷ್ಟೋ ಕಾಲವಾದರೂ ಅವನನ್ನು ಮೀರಿ ಯಾರೂ ಬೆಳೆಯಲಿಲ್ಲ. ಬಾಗಿಲುಗಳೂ ಇದ್ದಲ್ಲೇ ಇದ್ದವು, ಬಡಿಗೇರ ಕಾಳಪ್ಪನೂ ನೇಗಿಲು, ತೊಟ್ಟಿಲು ಅಂತ ಮಾಡಿಕೊಂಡು ಹಾಯಾಗಿದ್ದ. ಆಮೇಲೆ ನಾನು ಹುಟ್ಟಿದೆ. ಹುಟ್ಟಿದಾಗ ಎಲ್ಲರ ಹಾಗೇ ಇದ್ದೆನಂತೆ, ಅದು ಬೇರೆ ಮಾತು.

ಐದನೇ ಇಯತ್ತೆಯಲ್ಲಿ ನಾನು ಅವ್ವನ ತಲೆ ದಾಟಿದೆ. ಮುಂದೆ ಅಪ್ಪನನ್ನು ದಾಟಿದೆ, ಆಗಿನ್ನೂ ಅಪ್ಪ ಇದ್ದ. ಹೈಸ್ಕೂಲು ಮುಗಿಯುವಷ್ಟರಲ್ಲಿ ಆ ಸತ್ತ ಪೈಲ್ವಾನನನ್ನೂ ದಾಟಿದೆ. ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ವರ್ಷ ಯುಗಾದಿ ಮುಗಿದ ಮೇಲೆ ಕಾಳಪ್ಪ ಒಂದು ಹಸಿ ಬಿದಿರು ಕಡಿದುಕೊಂಡು ಬರುತ್ತಿದ್ದ. ನಾನು ಅಗಸಿಯಲ್ಲಿ, ಅಂದರೆ ಊರಿನ ಹೆಬ್ಬಾಗಿಲಲ್ಲಿ, ನಿಲ್ಲಬೇಕು. ಅವನು ಬಿದಿರನ್ನು ನನ್ನ ಪಕ್ಕಕ್ಕೆ ನಿಲ್ಲಿಸಿ, ಏಣಿ ಹತ್ತಿ, ನನ್ನ ನೆತ್ತಿಯ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಗುರುತು ಹಾಕುತ್ತಿದ್ದ. ಆಮೇಲೆ ಆ ಕೋಲು ಹಿಡಿದುಕೊಂಡು ಓಣಿ ಓಣಿ ತಿರುಗಿ, ಕೋಲಿಗೆ ತಾಗಿದ ಬಾಗಿಲನ್ನೆಲ್ಲ ಕಿತ್ತು, ಚೌಕಟ್ಟು ಎತ್ತಿ ಕೂರಿಸುವುದು. ಆ ವಾರವಿಡೀ ಊರಿನ ಮನೆಗಳಿಗೆ ಬಾಗಿಲೇ ಇರುತ್ತಿರಲಿಲ್ಲ. ಜನ ಹಳೆ ಸೀರೆ ಅಡ್ಡ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದರು.

ಇಷ್ಟೆಲ್ಲ ನನಗಾಗಿ ನಡೆಯುತ್ತಿದೆ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಯಾರ ಎತ್ತರದ ಮಾತನ್ನೂ ಎತ್ತಬಾರದು, ಅದು ನಮ್ಮೂರಲ್ಲಿ ಮರ್ಯಾದೆಗೇಡಿತನ. ಬಾಗಿಲು ಯಾಕೆ ಕೀಳುತ್ತೀರಿ ಅಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, ಗೆದ್ದಲು ಹತ್ತಿತ್ತು. ಕಾಳಪ್ಪ ನನ್ನ ತಲೆಯ ಮೇಲೆ ಗುರುತು ಹಾಕುತ್ತ, ಆಕಾಶ ನೋಡುತ್ತ, “ಈ ವರ್ಷ ಗೆದ್ದಲು ಭಾಳ ಐತಿ ನೋಡವ್ವ” ಅನ್ನುತ್ತಿದ್ದ. ನಾನೂ “ಹೌದು ಕಾಕಾ, ಭಾಳ ಐತಿ” ಅನ್ನುತ್ತಿದ್ದೆ. ಊರು ತುಂಬ ತೇಗದ ಬಾಗಿಲುಗಳು, ಹುಡುಕಿದರೂ ಒಂದು ಗೆದ್ದಲು ಸಿಗುತ್ತಿರಲಿಲ್ಲ. ಸಣ್ಣ ಮಕ್ಕಳು ನನ್ನನ್ನು ನೋಡಿ ಬಾಯಿ ತೆರೆಯುವಷ್ಟರಲ್ಲೇ ಅವರ ತಾಯಂದಿರು ಆ ಬಾಯಿಗೆ ಬೆಲ್ಲ ತುರುಕುತ್ತಿದ್ದರು. ಊರಿನ ಮಕ್ಕಳ ಹಲ್ಲು ಹುಳುಕಾಗಿದ್ದರೆ ಅದಕ್ಕೆ ಅರ್ಧ ಕಾರಣ ನಾನೇ.

ನನ್ನ ಹೆಸರು ನೀಲಗಂಗಾ. ಅಗಸಿಯ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ, ಲಂಗ, ಮಕ್ಕಳ ಅಂಗಿ ಹೊಲಿಯುತ್ತೇನೆ. ದಿನವಿಡೀ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದರೂ ಅದನ್ನು ನನ್ನ ಮೈಗೆ ಹಿಡಿದು ನೋಡುವ ಧೈರ್ಯ ಆಗಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ ಅನ್ನಿ. ಕತ್ತರಿಯ ಬಳೆಗೆ ಹೆಬ್ಬೆರಳು ಹೋಗದಾದಾಗ ಕಮ್ಮಾರ ಬೇರೆ ಬಳೆ ಕೂರಿಸಿಕೊಟ್ಟ. ಮಂಡಿ ತಾಗಿದಾಗ ಕಾಳಪ್ಪ ಮಷೀನಿನ ಮೇಜು ಎತ್ತರಿಸಿದ. ಚಪ್ಪಲಿ ಹೊಲಿಯುವವನು ಪ್ರತಿ ದಸರೆಗೆ ಹೊಸ ಜೋಡು ತಂದಿಟ್ಟು, ಹಳೆಯದು ಸವೆದಿತ್ತು ಅನ್ನುತ್ತಿದ್ದ. ಹೀಗೆ ನನಗೆ ಏನೂ ಬಿಗಿಯಾಗದಂತೆ, ಏನೂ ತಾಗದಂತೆ ಊರು ನೋಡಿಕೊಂಡಿತು. ದವಡೆ ಮುಂದೆ ಬಂದು ಹಲ್ಲುಗಳ ನಡುವೆ ಸಂದಿ ಬಿದ್ದಿತು, ದನಿ ಗಂಡಸಿನದಾಯಿತು. ಹಣೆಯ ಹಿಂದೆ ಯಾವಾಗಲೂ ಒಂದು ನೋವು. ಮಂಡಿಗಳು ಮುದುಕಿಯ ಮಂಡಿಗಳಾಗಿದ್ದವು. ಊರಿನ ಡಾಕ್ಟರು ನನ್ನ ಹೆಗಲಿನಿಂದ ಮೇಲೆ ನೋಡದೆ ತಲೆನೋವಿನ ಗುಳಿಗೆ ಕೊಡುತ್ತಿದ್ದರು. ಅವರೂ ನಮ್ಮೂರಿನವರೇ.

ಹೀಗಿರುವಾಗ ಒಂದು ಹೊಸ ಕಾಟ ಶುರುವಾಯಿತು. ಬಾಗಿಲು ದಾಟುವಾಗ ಪಕ್ಕದ ನಿಲುಗಂಬಕ್ಕೆ ಭುಜ ಬಡಿಯತೊಡಗಿತು. ಇವತ್ತು ಎಡಗಡೆ, ನಾಳೆ ಬಲಗಡೆ. ಮೊದಲ ಸಲ ಬಡಿದದ್ದು ನಮ್ಮ ಮನೆಯಲ್ಲೇ. ಅವ್ವ ಒಲೆಯ ಮುಂದಿದ್ದವಳು ತಿರುಗಿ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದಳು. ವಾರದೊಳಗೆ ಕಾಳಪ್ಪ ಬಂದು ಗೆದ್ದಲಿನ ಹೆಸರು ಹೇಳಿ ಬಾಗಿಲನ್ನು ಇನ್ನೊಂದು ಮೊಳ ಅಗಲ ಮಾಡಿಹೋದ. ಗಿರಣಿಯಲ್ಲಿ ಬಡಿಸಿಕೊಂಡೆ, ಗಿರಣಿ ಬಾಗಿಲು ಅಗಲವಾಯಿತು. ಗುಡಿಯಲ್ಲಿ ಬಡಿಸಿಕೊಂಡೆ, ಪೂಜಾರಿ “ಗಾಳಿ ಬೆಳಕು ಬರಲಿ” ಎಂದು ಅಲ್ಲೂ ಅಗಲ ಮಾಡಿಸಿದ. ಬರಬರುತ್ತ ಎತ್ತಿನ ಬಂಡಿ ಹೊಡೆದುಕೊಂಡು ಅಡುಗೆಮನೆಗೆ ಬರಬಹುದು ಅನ್ನುವಷ್ಟಾಯಿತು. ಆದರೂ ನನ್ನ ಭುಜದ ನೀಲಿ ಕಲೆಗಳು ಮಾಯಲಿಲ್ಲ. ಊರಿಗೆ ಊರೇ ನನಗಾಗಿ ಗೋಡೆ ಒಡೆಯುತ್ತಿತ್ತು, ನಾನು ಮಾತ್ರ ಉಳಿದ ಗೋಡೆಗಳನ್ನು ಹುಡುಕಿಕೊಂಡು ಹೋಗಿ ಢಿಕ್ಕಿ ಹೊಡೆಯುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಆ ವರ್ಷದ ಯುಗಾದಿಗೆ ಚೌಕಟ್ಟುಗಳು ಸೂರಿಗೆ ಮುಟ್ಟಿದವು. ಕಾಳಪ್ಪ ಏಣಿಯ ಮೇಲೆ ಕೂತು ಒಂದು ಬೀಡಿ ಸೇದಿ ಮುಗಿಸಿದ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ಕೆಳಗೆ ನಿಂತವರಿಗೆಲ್ಲ ಗೊತ್ತಿತ್ತು. ಇನ್ನು ಮೇಲೆ ಬಾಗಿಲು ಎತ್ತಬೇಕೆಂದರೆ ಮಾಳಿಗೆಯನ್ನೇ, ಅಂದರೆ ಇಡೀ ಚಾವಣಿಯನ್ನೇ, ಎತ್ತಬೇಕು.

ಅದೇ ಬೇಸಿಗೆಯಲ್ಲಿ ಅಣ್ಣ ಮಹಾರುದ್ರನ ಮದುವೆ ಆಯಿತು. ಹೆಣ್ಣಿನವರ ಊರಿನಲ್ಲಿ ಮದುವೆ, ನಾನು ಹೋಗಲಿಲ್ಲ. ತಲೆನೋವು ಅಂದೆ. ನಿಜವೆಂದರೆ ನಾನು ನಮ್ಮೂರು ಬಿಟ್ಟು ಎಲ್ಲಿಗೂ ಹೋದವಳೇ ಅಲ್ಲ, ಬೇರೆ ಊರಿನ ಬಾಗಿಲುಗಳೆಂದರೆ ಹೆದರಿಕೆ. ಹೊಸ ಮದುಮಗಳು ಮನೆ ತುಂಬುವಾಗ ಹೊಸ್ತಿಲ ಒಳಗೆ ಆರತಿ ತಟ್ಟೆ ಹಿಡಿದು ನಾನೇ ನಿಂತಿದ್ದೆ. ದಾಕ್ಷಾಯಣಿ ಅತ್ತಿಗೆ ಸೇರು ಒದ್ದು ಒಳಗೆ ಬಂದಳು. ಆರತಿ ಎಲ್ಲಿಂದ ಬರುತ್ತಿದೆ ಎಂದು ನೋಡುತ್ತ ನೋಡುತ್ತ ಕತ್ತೆತ್ತಿದಳು.

“ಯವ್ವಾ, ಎಷ್ಟು ಉದ್ದ ಅದೀಯ ನೀನು,” ಅಂದಳು.

ಮನೆ ತುಂಬ ನೆಂಟರು. ಅಣ್ಣ ಗೋಡೆ ನೋಡಿದ. ಯಾರೋ ಕೆಮ್ಮಿದರು. ಅವ್ವ ಸೆರಗು ಸರಿಮಾಡಿಕೊಂಡು, “ಈ ವರ್ಷ ಗೆದ್ದಲು ಭಾಳ ಅದಾವ,” ಅಂದಳು.

“ನಾ ಏನು ತಪ್ಪು ಅಂದೆ?” ಎಂದು ಅತ್ತಿಗೆ ಅಣ್ಣನನ್ನು ಕೇಳಿದಳು. ನಾನು ಆರತಿ ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡೆ, ಇಲ್ಲದಿದ್ದರೆ ನಕ್ಕುಬಿಡುತ್ತಿದ್ದೆ. ನನಗೆ ಒಂದಿಷ್ಟೂ ನೋವಾಗಲಿಲ್ಲ. ಬೆನ್ನಲ್ಲಿ ಎಷ್ಟೋ ವರ್ಷದಿಂದ ತುರಿಸುತ್ತಿದ್ದ ಜಾಗವನ್ನು ಯಾರೋ ಸರಿಯಾಗಿ ಕೆರೆದ ಹಾಗಾಯಿತು.

ಅತ್ತಿಗೆಗೆ ನಮ್ಮೂರಿನ ಮರ್ಯಾದೆ ಕಲಿಸಲು ಅವ್ವ ಬಹಳ ಹೆಣಗಿದಳು, ಆಗಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಲೇಬೇಕು. ಶ್ರಾವಣದಲ್ಲಿ ಒಂದು ದಿನ ನಾನು ಅಡುಗೆಮನೆಯಲ್ಲಿ ಕೂತು ಹೆಸರುಕಾಯಿ ಸುಲಿಯುತ್ತಿದ್ದೆ. ಅತ್ತಿಗೆ ಪಕ್ಕಕ್ಕೆ ಬಂದು ಚಹಾದ ಲೋಟ ಚಾಚಿದಳಂತೆ. ಚಾಚಿಕೊಂಡೇ ನಿಂತಳಂತೆ. ನಾನು ಹೆಸರುಕಾಯಿ ಸುಲಿಯುತ್ತಲೇ ಇದ್ದೆ. ಕೊನೆಗೆ ಅವಳು ಲೋಟ ಕೆಳಗಿಟ್ಟು, ಎರಡು ಸೌಟು ತೆಗೆದುಕೊಂಡು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

“ನನ್ನ ಮೂಗು ನೋಡು. ಅತ್ತಾಗ ಇತ್ತಾಗ ನೋಡಬ್ಯಾಡ,” ಅಂದಳು. ಆಮೇಲೆ ಎರಡೂ ಕೈ ಅಗಲ ಮಾಡಿದಳು. “ಸೌಟು ಕಾಣ್ತಾವೇನು?”

“ಇಲ್ಲ.”

ಕೈಗಳನ್ನು ನಿಧಾನವಾಗಿ ಒಳಕ್ಕೆ ತಂದಳು. “ಈಗ?” ಇಲ್ಲ. “ಈಗ?” ಇಲ್ಲ. ಎರಡೂ ಸೌಟು ಅವಳ ಕಿವಿಯ ಹತ್ತಿರ ಬಂದಾಗ ನನಗೆ ಅವುಗಳ ಅಂಚು ಕಂಡಿತು. ಅತ್ತಿಗೆಯ ಮುಖದಲ್ಲಿದ್ದ ನಗು ಎಲ್ಲ ಇಳಿದುಹೋಯಿತು.

“ಅತ್ತಿ, ಬಾಗಲಾ ಸಣ್ಣ ಆಗಿಲ್ರಿ,” ಎಂದು ಹಿತ್ತಲಲ್ಲಿದ್ದ ಅವ್ವನಿಗೆ ಕೂಗಿ ಹೇಳಿದಳು. “ಆಕಿಗೆ ಬಾಜೂಕಿಂದು ಕಾಣವಲ್ದು.”

ಅವ್ವ ಒಳಗೆ ಬರಲಿಲ್ಲ. ಅತ್ತಿಗೆ ದನಿ ತಗ್ಗಿಸಿ, “ಮುಟ್ಟು ಆಗ್ತಿ ಏನು ನೀನು? ನಾ ಬಂದಾಗಿಂದ ನೋಡಿಲ್ಲ,” ಎಂದು ಕೇಳಿದಳು. ಹೈಸ್ಕೂಲಿನಲ್ಲಿ ಒಂದೆರಡು ಸಲ ಆಗಿ ನಿಂತದ್ದು ಮತ್ತೆ ಆಗಲೇ ಇಲ್ಲ ಎಂದೆ. “ನಿಮ್ಮವ್ವಗ ಗೊತ್ತೈತೇನು?” ಗೊತ್ತಿದೆ, ಆದರೆ ಕೇಳಿಲ್ಲ ಎಂದೆ. ಅವಳು ಸೌಟುಗಳನ್ನು ಕೆಳಗಿಟ್ಟು, “ನಿನ್ನ ವಯಸ್ಸಿಗೆ ಯಾರೂ ಬೆಳೆಯಂಗಿಲ್ಲ ನೀಲಾ. ಇದು ಬ್ಯಾನಿ. ದೊಡ್ಡ ಆಸ್ಪತ್ರೆಗೆ ಹೋಗೂಣು,” ಅಂದಳು. ಕಣ್ಣಿಲ್ಲದ ಹೊಲಿಗೆಯವಳು ಏನು ಮಾಡಬೇಕು? ಇಷ್ಟು ದಿನ ನನ್ನ ಭಯವೆಲ್ಲ ಮಾಳಿಗೆಯದಾಗಿತ್ತು. ಆವತ್ತಿನಿಂದ ಕಣ್ಣಿನದೂ ಸೇರಿಕೊಂಡಿತು.

ಅವ್ವ ಸುತರಾಂ ಒಪ್ಪಲಿಲ್ಲ. ಇಷ್ಟು ವರ್ಷ ಊರು ನಮಗಾಗಿ ಇಷ್ಟೆಲ್ಲ ಮಾಡಿದ ಮೇಲೆ ಈಗ ಹೋಗಿ ನನ್ನ ಮಗಳ ಎತ್ತರ ರೋಗ ಅಂದರೆ ಮಂದಿಗೆ ಏನನ್ನಿಸಬೇಕು, ಎಂಬುದು ಅವಳ ವಾದ. ಅಣ್ಣ ಹೆಂಡತಿಯ ಮುಖ ನೋಡಿದರೆ ಹೌದು ಅನ್ನುತ್ತಿದ್ದ, ಅವ್ವನ ಮುಖ ನೋಡಿದರೆ ಇಲ್ಲ ಅನ್ನುತ್ತಿದ್ದ. ಅವನ ಕಡೆಯಿಂದ ಏನೂ ಆಗುವಂತಿರಲಿಲ್ಲ.

ದಸರೆಯ ಮುಂಚೆ ಅಗಸಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಸಂಗನಬಸಪ್ಪನವರು ಊರಿಗೆ ದೊಡ್ಡವರು, ಮಾತು ಅವರದೇ. “ಹಂಚು ಹಳೇವು ಆಗ್ಯಾವ,” ಎಂದು ಶುರುಮಾಡಿದರು. “ಹೆಂಗೂ ತೆಗೀಬೇಕು. ಯುಗಾದಿಗೆ ಎಲ್ಲಾ ಮನಿ ಮಾಳಿಗಿ ಬಿಚ್ಚಿ ಎರಡು ಮೊಳ ಎತ್ತೂಣು. ಈಗಿಂದ ಕಟ್ಟಿಗಿ ತಂದು ಒಟ್ಟಬೇಕು.” ಎಲ್ಲರೂ ತಲೆಯಾಡಿಸಿದರು. ಅಂಗಡಿಯ ಬಾಗಿಲಲ್ಲಿ ನಿಂತು ನಾನು ಕೇಳುತ್ತಿದ್ದೆ. ಕಟ್ಟೆಯ ತುದಿಗೆ ತಿಪ್ಪವ್ವ ಕೂತಿದ್ದಳು. ನಮ್ಮ ಪಕ್ಕದ ಮನೆಯ ಒಂಟಿ ಮುದುಕಿ, ಅವಳದು ಮಣ್ಣಿನ ಗೋಡೆಯ ಮನೆ. ಆ ಗೋಡೆಯ ಮೇಲಿಂದ ಮಾಳಿಗೆ ಬಿಚ್ಚಿದರೆ ಗೋಡೆಯೂ ಜೊತೆಗೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಅವಳೂ ತಲೆಯಾಡಿಸುತ್ತಿದ್ದಳು. ತಲೆಯಾಡಿಸುತ್ತ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ನನ್ನಿಂದ ತಡೆಯಲಾಗಲಿಲ್ಲ. ಕಟ್ಟೆಯ ಮುಂದೆ ಹೋಗಿ ನಿಂತೆ. “ಅಜ್ಜಾರ, ಹಂಚು ಹಳೇವು ಆಗಿಲ್ರಿ. ನಾ ಉದ್ದ ಅದೀನಿ,” ಅಂದೆ. “ಇನ್ನೂ ಬೆಳಿಯಾಕತ್ತೀನಿ. ಕಣ್ಣು ಬ್ಯಾರೆ ಹೊಂಟಾವ. ನನಗ ಬ್ಯಾನಿ ಐತಿ ರೀ.”

ಸಂಗನಬಸಪ್ಪನವರ ಮುಖ ಬಾಡಿಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. “ನಾವು ಏನರ ಕಡಿಮಿ ಮಾಡೀವೇನವ್ವಾ?” ಎಂದು ಕೇಳಿದರು. “ಎಲ್ಲೆರ ನಿನ್ನ ತಲಿಗೆ ತಾಗೈತೇನು? ಹೇಳು, ಇವತ್ತ ತಗಸ್ತೀನಿ.”

“ಎಲ್ಲೂ ತಾಗಿಲ್ರಿ. ತಾಗಿದ್ರ ಎಂದೋ ಗೊತ್ತಾಗತಿತ್ತು,” ಅಂದೆ.

ಆ ಮಾತು ಹೇಳಿದ ಮೇಲೆ ನನಗೇ ಅದರ ಅರ್ಥ ಪೂರ್ತಿ ಹೊಳೆಯಿತು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಯ ಕಡೆ ನಡೆದಳು. ದೀಪಾವಳಿ ಕಳೆದು ನಾನು, ಅತ್ತಿಗೆ ಬಸ್ಸು ಹತ್ತುವವರೆಗೂ ಅವಳು ನನ್ನ ಜೊತೆ ಊಟಕ್ಕೆ ಬಾ ಅನ್ನುವುದು ಬಿಟ್ಟರೆ ಬೇರೇನೂ ಮಾತಾಡಲಿಲ್ಲ, ಹೋಗಬೇಡ ಎಂದೂ ಅನ್ನಲಿಲ್ಲ.

ಬಸ್ಸು ಹತ್ತಿದೆ ಎಂದು ಸುಲಭವಾಗಿ ಹೇಳಿಬಿಟ್ಟೆ. ಊರಲ್ಲಿ ನಡೆದ ಹಾಗೇ ನೆಟ್ಟಗೆ ನಡೆದು ಹತ್ತಲು ಹೋದವಳಿಗೆ ಬಸ್ಸಿನ ಬಾಗಿಲು ಹಣೆಗೆ ಫಟ್ ಅಂತ ಹೊಡೆಯಿತು. ರಕ್ತ ಬಂತು. ಕಂಡಕ್ಟರು ಗಾಬರಿಯಾದ. ಅತ್ತಿಗೆ ಸೆರಗಿನಿಂದ ಒತ್ತಿಹಿಡಿದು, “ಬಗ್ಗಬೇಕಲ್ಲವ್ವಾ. ಬಗ್ಗೂದು ಗೊತ್ತಿಲ್ಲೇನು ನಿನಗ?” ಅಂದಳು. ಗೊತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷದವಳಿಗೆ, ನಿಜವಾಗಿ, ಬಾಗಿಲಲ್ಲಿ ಬಗ್ಗಬೇಕೆಂದು ಗೊತ್ತಿರಲಿಲ್ಲ. ಅವಳು ಅಲ್ಲೇ ರಸ್ತೆಯ ಮೇಲೆ ಮಾಡಿ ತೋರಿಸಿದಳು: ಮೊದಲು ಮಂಡಿ, ಆಮೇಲೆ ಬೆನ್ನು, ಕೊನೆಗೆ ಕುತ್ತಿಗೆ. ನಾನು ಮೊದಲು ಕುತ್ತಿಗೆ ಬಗ್ಗಿಸಿ ಇನ್ನೊಂದು ಸಲ ಹೊಡೆಸಿಕೊಂಡೆ. ಬಸ್ಸಿನ ಒಳಗಿದ್ದವರೆಲ್ಲ ಸೇರಿ ಹೇಳಿಕೊಟ್ಟ ಮೇಲೆ ಮೂರನೆಯ ಸಲಕ್ಕೆ ಹತ್ತಿದೆ.

ಶಹರದಲ್ಲಿ ಎಲ್ಲರೂ ನನ್ನನ್ನು ನೋಡಿದರು. ಬಾಯಿಬಿಟ್ಟು ನೋಡಿದರು, ಬೆರಳು ತೋರಿಸಿದರು, ಮೊಬೈಲಿನಲ್ಲಿ ಫೋಟೋ ಹೊಡೆದರು. ಒಬ್ಬ ಲೈಟಿನ ಕಂಬ ಅಂದ, ಅವನ ಗೆಳೆಯರು ನಕ್ಕರು. ಆಗ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಅತ್ತಿಗೆ ಅವನ ಕಡೆ ತಿರುಗಿ ಅವರೂರಿನ ಬೈಗಳು ಒಂದಿಷ್ಟು ಬೈದಳು, ಅವನ್ನು ಇಲ್ಲಿ ಬರೆಯುವಂತಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ನನಗೆ ನಮ್ಮೂರಿನ ಮೇಲೆ ಪ್ರೀತಿ ಉಕ್ಕಿತ್ತು. ಜೊತೆಗೆ ನಮ್ಮೂರಿನ ಮೇಲೆ ಸಿಟ್ಟೂ ಇತ್ತು. ಎರಡೂ ಒಟ್ಟಿಗೆ ಇರಬಹುದು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ನರ್ಸು ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಸ್ಟೂಲು ಹತ್ತಿ ಅಳೆದು, ಡಾಕ್ಟರಮ್ಮನಿಗೆ ಕೇಳಿಸುವಂತೆ, “ಏಳು ಅಡಿ ಎರಡು ಇಂಚು,” ಎಂದು ಕೂಗಿದಳು. ಹೊರಗೆ ಕೂತ ರೋಗಿಗಳಿಗೂ ಕೇಳಿರಬೇಕು. ಭೂಮಿ ಬಾಯಿಬಿಡಲಿಲ್ಲ. ಅಷ್ಟೇನಾ ಅನ್ನಿಸಿತು. ಇಷ್ಟು ವರ್ಷ ನನ್ನ ಎತ್ತರಕ್ಕೆ ಕೊನೆಯೇ ಇಲ್ಲ ಎಂದುಕೊಂಡಿದ್ದೆ. ಅದಕ್ಕೂ ಎಲ್ಲರ ಎತ್ತರದ ಹಾಗೆ ಅಡಿ ಇತ್ತು, ಇಂಚು ಇತ್ತು.

ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು. ಸ್ಕ್ಯಾನಿನ ಹಲಗೆಯಿಂದ ನನ್ನ ಕಾಲುಗಳು ಹೊರಗೆ ನೇತಾಡುತ್ತಿದ್ದವು. ಆಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. “ನಮ್ಮೆಲ್ಲರ ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇರುತ್ತೆ. ಮೈಗೆ ಬೆಳಿ ಅಂತ ಹೇಳೋದು ಅದೇ, ಸಾಕು ಅಂತ ನಿಲ್ಲಿಸೋದೂ ಅದೇ. ನಿಮ್ಮ ಗ್ರಂಥಿಯಲ್ಲಿ ಒಂದು ಗಡ್ಡೆ ಆಗಿದೆ. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೆ ಅದು ಬೆಳಿ ಬೆಳಿ ಅಂತ ಹೇಳ್ತಾನೇ ಇದೆ. ಈಗ ಕಣ್ಣಿನ ನರವನ್ನೂ ಒತ್ತುತ್ತಾ ಇದೆ. ಬಿಟ್ಟರೆ ಕಣ್ಣು ಹೋಗುತ್ತೆ, ಹೃದಯಕ್ಕೂ ತೊಂದರೆ. ಮೂಗಿನ ಒಳಗಿಂದ ಹೋಗಿ ತೆಗೀತೀವಿ.”

“ಮೂಗಿನಾಗಿಂದ?” ಅಂದಳು ಅತ್ತಿಗೆ.

“ಹೌದಮ್ಮ, ಅದೇ ಹತ್ತಿರದ ದಾರಿ.” ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಇಷ್ಟು ವರ್ಷ ನಿಮಗೆ ಯಾರೂ ಏನೂ ಹೇಳಲಿಲ್ವಾ?”

“ಇಲ್ರಿ. ನಮ್ಮೂರಾಗ ಬಾಗಲಾ ಎತ್ತತಾರ್ರೀ,” ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಅತ್ತಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು, ಗೆದ್ದಲಿನ ಸಮೇತ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. “ಒಳ್ಳೇ ಜನ ಅಲ್ವಾ ನಿಮ್ಮೂರಿನವರು,” ಅಂದರು.

“ಭಾಳ ಒಳ್ಳೇ ಮಂದಿ ರೀ,” ಅಂದಳು ಅತ್ತಿಗೆ. “ಅದ ಆಗಿದ್ದು ತೊಂದರಿ.”

ಆಪರೇಷನ್ ಆದದ್ದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ಮೂಗಿನ ತುಂಬ ಹತ್ತಿ ತುರುಕಿದ್ದರು, ಬಾಯಿ ಒಣಗಿ ಮರದ ಹೊಟ್ಟಿನಂತಾಗಿತ್ತು. ಕಾಲುಗಳಿಗೆ ಆಸರೆಯಾಗಿ ಮಂಚದ ತುದಿಗೆ ಒಂದು ಬೆಂಚು ಜೋಡಿಸಿದ್ದರು. ಒಂದೆರಡು ದಿನ ಮಂಪರಿನಲ್ಲೇ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದೆ. ಕಣ್ಣಿನ ಬಲತುದಿಯಲ್ಲಿ ಏನೋ ಕಿತ್ತಳೆ ಬಣ್ಣದ್ದು ಅಲ್ಲಾಡಿತು. ಒಂದು ಕೈ, ಒಂದು ಹಣ್ಣು, ಸುರುಳಿಯಾಗಿ ಇಳಿಯುತ್ತಿರುವ ಸಿಪ್ಪೆ. ನಾನು ಕತ್ತು ತಿರುಗಿಸಿರಲಿಲ್ಲ.

“ಅತ್ತಿಗಿ, ನನಗೂ ಒಂದು ತೊಳಿ ಕೊಡು,” ಅಂದೆ.

ಸಿಪ್ಪೆ ಸುಲಿಯುವುದು ನಿಂತಿತು. “ಎಲ್ಲಿ ನೋಡಿದಿ ನೀನು?” ಅಂದಳು.

“ಇಲ್ಲೇ. ಬಾಜೂಕ.”

ಅತ್ತಿಗೆ ಹಣ್ಣನ್ನು ಮಡಿಲಲ್ಲಿ ಹಾಕಿಕೊಂಡು ಅತ್ತಳು. ಅಷ್ಟು ಬಾಯಿಯ ಹೆಂಗಸು, ಅಳುವಾಗ ಒಂದು ಸದ್ದಿಲ್ಲ. ನಾನು ಅವಳು ಅಳುವುದನ್ನೂ ಕತ್ತು ತಿರುಗಿಸದೆ ನೋಡಿದೆ. ನನಗೆ ಆದ ಸಂತೋಷ ಎಷ್ಟೆಂದು ಹೇಳಲಾರೆ. ಆ ದಿನವಿಡೀ ಫ್ಯಾನನ್ನೇ ನೋಡುತ್ತ ಅಕ್ಕಪಕ್ಕದಲ್ಲಿ ಓಡಾಡುವವರನ್ನೆಲ್ಲ ನೋಡಿದೆ.

ಬೆಳೆದದ್ದು ಮತ್ತೆ ಕುಗ್ಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮಂಡಿ ನೋವು ಇರುತ್ತದೆ, ಗುಳಿಗೆ ತಪ್ಪಿಸಬಾರದು, ತಿಂಗಳಿಗೊಮ್ಮೆ ಸೂಜಿ. ರಕ್ತ ಪರೀಕ್ಷೆ ಚೆನ್ನಾಗಿ ಬಂದಿದೆ, ಇನ್ನು ಬೆಳೆಯುವುದಿಲ್ಲ ಎಂದೂ ಹೇಳಿದರು. ಆದರೆ ನಮ್ಮೂರು ರಕ್ತವನ್ನು ನಂಬುವ ಊರಲ್ಲ, ಬಿದಿರನ್ನು ನಂಬುವ ಊರು. ನಾನು ಬಸ್ಸು ಇಳಿದಾಗ, ಈ ಸಲ ಸರಿಯಾಗಿ ಬಗ್ಗಿ ಇಳಿದೆ, ಕಾಳಪ್ಪ ಆಗಲೇ ಏಣಿ, ಬಿದಿರು ತಂದು ಕಾಯುತ್ತಿದ್ದ. ಅಲ್ಲೇ ಒಂದು ಗುರುತು ಹಾಕಿಕೊಂಡ. ಊರ ತುಂಬ ಮಾಳಿಗೆಯ ಕಟ್ಟಿಗೆ ಒಟ್ಟಿತ್ತು. ಅದನ್ನು ಮುಟ್ಟುವುದೋ ಬಿಡುವುದೋ ಯುಗಾದಿಗೆ ತಿಳಿಯುತ್ತದೆ ಎಂದು ಎಲ್ಲರೂ ಕಾದರು. ಚಳಿಗಾಲವೆಲ್ಲ ನಾನು ಬಾಗಿಲು ದಾಟುವಾಗ ಜನ ನನ್ನ ತಲೆಯನ್ನೂ ಚೌಕಟ್ಟನ್ನೂ ಕದ್ದು ಕದ್ದು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಡಾಕ್ಟರು ಹೇಳಿದ್ದು ಎಷ್ಟೇ ಗಟ್ಟಿಯಿರಲಿ, ಬೆಳಿಗ್ಗೆ ಎದ್ದು ಹೊಸ್ತಿಲ ಹತ್ತಿರ ಬಂದ ಕೂಡಲೇ ನೆತ್ತಿಯಿಂದ ಚೌಕಟ್ಟಿನವರೆಗೆ ಬೆರಳಿಟ್ಟು ಎಣಿಸುತ್ತಿದ್ದೆ.

ಯುಗಾದಿ ಬಂತು. ಅಗಸಿಯಲ್ಲಿ ಊರೆಲ್ಲ ಸೇರಿತ್ತು. ನಾನು ನೆಟ್ಟಗೆ ನಿಂತೆ. ಕಾಳಪ್ಪ ಏಣಿ ಹತ್ತಿ, ಅದೇ ಬಿದಿರನ್ನು ನಿಲ್ಲಿಸಿ, ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿದ. ಕೆಳಗಿಳಿದು ಕಣ್ಣೊರೆಸಿಕೊಂಡು ಮತ್ತೆ ಹತ್ತಿ ನೋಡಿದ. ಆಮೇಲೆ ಏಣಿಯ ಮೇಲಿಂದಲೇ, “ಬಸ್ ಇಳಿದ ದಿನದ್ದೂ ಇವತ್ತಿಂದೂ ಒಂದ ಗುರುತು. ಎಳ್ಳಷ್ಟೂ ಹೆಚ್ಚಾಗಿಲ್ಲ,” ಅಂದ. “ಚೌಕಟ್ಟಿಗೂ ತಲಿಗೂ ಇನ್ನೂ ಮೂರು ಬೆರಳು ಜಾಗಾ ಐತಿ. ಮಾಳಿಗಿ ಬಿಚ್ಚೂದು ಬ್ಯಾಡ.”

ಸ್ವಲ್ಪ ಹೊತ್ತು ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಖುಷಿಪಟ್ಟರೆ ನನ್ನ ಎತ್ತರದ ಮಾತು ಎತ್ತಿದ ಹಾಗೆ. ಮೊದಲು ಬಾಯಿ ತೆರೆದವಳು ತಿಪ್ಪವ್ವ. “ಹಂಗಾರ ನನ್ನ ಗ್ವಾಡಿ ಉಳೀತು,” ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕೂತವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದಳು. “ಎಂಥಾ ಉದ್ದ ಬೆಳದೀಯವ್ವಾ ನೀನು. ನಿನ್ನ ಸಲುವಾಗಿ ಕೂರಿಸಿದ ಬಾಗಲಾ ತಳ್ಳಲಾರದ ನಾ ಹಿತ್ತಲದಿಂದ ಓಡ್ಯಾಡಾಕತ್ತು ಎಷ್ಟು ವರ್ಷ ಆತು ಗೊತ್ತೈತೇನು?”

ನಾನು ನಕ್ಕೆ. ಜೋರಾಗಿ ನಕ್ಕೆ, ನನ್ನ ಗಂಡುದನಿಯ ನಗು ಅಗಸಿಗೆಲ್ಲ ಕೇಳಿಸಿತು. ಆಮೇಲೆ ಕೆರೆಯ ಕಟ್ಟೆ ಒಡೆದ ಹಾಗಾಯಿತು. ಗಿರಣಿಯವನು, ಎತ್ತರದ ಬಾಗಿಲಿನಿಂದ ನುಗ್ಗಿದ ಬಾವಲಿಗಳು ಹಿಟ್ಟಿನಲ್ಲಿ ಮಾಡಿದ ಹೊಲಸನ್ನು ವರ್ಣಿಸಿದ. ಪೂಜಾರಿ, ಅಷ್ಟಗಲದ ಬಾಗಿಲಿನಿಂದ ಮಂಗಗಳು ಬಂದು ದೇವರ ಎದುರೇ ಬಾಳೆಹಣ್ಣು ತಿಂದು ಸಿಪ್ಪೆ ದೇವರ ತಲೆಯ ಮೇಲೆ ಇಡುತ್ತವೆ ಅಂದ. ಸಂಗನಬಸಪ್ಪನವರು, “ಥಂಡಿ ದಿನದಾಗ ನಾ ತಲಿಗೆ ಕಂಬಳಿ ಸುತಗೊಂಡು ಮಲಗ್ತೀನವ್ವಾ, ಸಂತಿ ಬಯಲಾಗ ಮಲಗಿದಂಗ ಆಗತೈತಿ,” ಎಂದು ಒಪ್ಪಿಕೊಂಡರು. ಕಾಳಪ್ಪ ಎಲ್ಲರಿಗಿಂತ ದೊಡ್ಡ ದನಿಯಲ್ಲಿ, “ಒಂದು ಗೆದ್ದಲು ನೋಡಿಲ್ಲ ನಾನು. ಇಷ್ಟು ವರ್ಷದಾಗ ಒಂದು ಗೆದ್ದಲು,” ಅಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೇಳ್ರಿ, ಇನ್ನೂ ಹೇಳ್ರಿ,” ಎಂದೆ. ಅವರು ಒಂದೊಂದು ಹೇಳಿದ ಹಾಗೂ ನನ್ನ ಮೈ ಹಗುರಾಗುತ್ತಿತ್ತು. ಎಲ್ಲರೂ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಅತ್ತಿಗೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ನಮ್ಮೂರು ಈಗ ಊರಾಯಿತು ನೋಡು ಅನ್ನುವ ಹಾಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

ಅವ್ವ ಮಾತ್ರ ಅಲ್ಲಿರಲಿಲ್ಲ. ಮನೆಗೆ ಬಂದಾಗ ಅಂಗಳದಲ್ಲಿ ನಿಂತಿದ್ದಳು. ನಗುವಿನ ಸದ್ದು ಅವಳಿಗೂ ಕೇಳಿಸಿರಬೇಕು. ಮಾಳಿಗೆ ಬಿಚ್ಚುವುದಿಲ್ಲ, ಬೆಳೆಯುವುದು ನಿಂತಿದೆ ಎಂದೆ. ಹೂಂ ಅಂದಳು. ಒಳಗೆ ಹೋಗಲು ಹೊಸ್ತಿಲ ಕಡೆ ಕಾಲಿಟ್ಟೆ.

“ನೀಲಾ, ಕುಂದ್ರು,” ಅಂದಳು.

“ಯಾಕವ್ವಾ?”

“ನಿನ್ನ ಮಕಾ ಮ್ಯಾಲೆ ನೋಡಿ ನೋಡಿ ಕುತ್ತಿಗಿ ಹಿಡದೈತಿ ನನಗ. ಎಷ್ಟೋ ವರ್ಷ ಆತು ನೋಡೂದ ಬಿಟ್ಟು. ಕುಂದ್ರವ್ವಾ.”

ನಾನು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಅವ್ವ ಎದುರಿಗೆ ಬಂದು ಎರಡೂ ಕೈಯಿಂದ ನನ್ನ ಮುಖ ಹಿಡಿದಳು. ಹಣೆ ನೋಡಿದಳು, ಮುಂದೆ ಬಂದ ದವಡೆ ನೋಡಿದಳು, ತುಟಿ ಸರಿಸಿ ಹಲ್ಲಿನ ಸಂದಿಗಳನ್ನು ನೋಡಿದಳು. ಹೆಬ್ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿದಳು. “ಇಷ್ಟು ಬದಲಾಗಿತ್ತು,” ಅಂದಳು. “ಕೇಳಬೇಕಿತ್ತು ನಾ.” ಏನೂ ಪರವಾಗಿಲ್ಲ ಎಂದು ಹೇಳಬೇಕೆಂದುಕೊಂಡೆ, ಆದರೆ ಬಾಯಿ ಅವಳ ಕೈಯಲ್ಲಿತ್ತು. ಮಂಡಿಗಳು ಬಹಳ ನೋಯುತ್ತಿದ್ದವು. ಅವ್ವ ಇನ್ನೂ ನೋಡುತ್ತಿದ್ದಳು, ನಾನು ಅಲ್ಲಾಡದೆ ಕೂತೆ.